ಮಾಜಾಂಗ್ ಪೆಟ್ಟಿಗೆಯ ಬೋಳು ಕಾಯಿ

ನಾನು ಒಂದು ಮಾಜಾಂಗ್ ಕಾಯಿ. ಮಾಜಾಂಗ್ ಎಂದರೆ ಏನೆಂದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. ಅದಕ್ಕೆ ನನಗೇನೂ ಬೇಸರವಿಲ್ಲ. ಇಸ್ಪೀಟು, ಚೌಕಾಬಾರ, ಅಳಗುಳಿಮಣೆ ಎಲ್ಲ ಇರುವ ನಾಡಿನಲ್ಲಿ ಚೀನಾದ ಆಟವನ್ನು ಯಾರು ಕೇಳಬೇಕು? ನಾಲ್ಕು ಜನ ಚೌಕ ಮೇಜಿನ ಸುತ್ತ ಕೂತು ಆಡುವ ಆಟ ಅದು. ರಮ್ಮಿಯ ಹಾಗೆ ಒಂದನ್ನು ಎತ್ತಬೇಕು, ಒಂದನ್ನು ಎಸೆಯಬೇಕು, ಮೂರು ಮೂರರ ಗುಂಪು ಕಟ್ಟಬೇಕು. ಬೇರೆಯವರು ಎಸೆದದ್ದು ತಮಗೆ ಹೊಂದಿದರೆ ಅದನ್ನೂ ಸೆಳೆದುಕೊಳ್ಳಬಹುದು. ಅಂಥ ನಾಲ್ಕು ಗುಂಪು ಮತ್ತು ಒಂದು ಜೋಡಿ ಆದೊಡನೆ 'ಮಾಜಾಂಗ್' ಎಂದು ಕೂಗಿದರೆ ಗೆದ್ದ ಹಾಗೆ. ಎಲೆಗಳ ಬದಲು ಅಲ್ಲಿ ನಾವಿದ್ದೇವೆ, ಹೆಬ್ಬೆರಳ ತುದಿಯಷ್ಟು ಅಗಲದ ಗಟ್ಟಿ ಕಾಯಿಗಳು. ಒಂದು ಪೆಟ್ಟಿಗೆಗೆ ನೂರ ನಲವತ್ತನಾಲ್ಕು ಕಾಯಿ ಲೆಕ್ಕ. ನಾನು ಆ ಲೆಕ್ಕದಲ್ಲಿ ಇರಲಿಲ್ಲ.

ನಾನು ಹುಟ್ಟಿದ್ದು ಕಲ್ಕತ್ತೆಯಲ್ಲಿ, ಚೀನೀಯರು ವಾಸಿಸುತ್ತಿದ್ದ ಒಂದು ಗಲ್ಲಿಯಲ್ಲಿ. ಅಲ್ಲಿ ಒಬ್ಬ ಮುದುಕ ಮೂಳೆಯ ಬಿಲ್ಲೆಗೆ ಬಿದಿರಿನ ಬೆನ್ನು ಕೂರಿಸುತ್ತಿದ್ದ. ಬಡಗಿ ಪೆಟ್ಟಿಗೆಯ ಮೂಲೆಗೆ ಕೀಲು ಹಾಕುವಂತೆ ಒಂದರೊಳಗೊಂದು ಹೊಂದಿಸಿ, ಉಜ್ಜಿ, ನಯಮಾಡಿ, ಮುಖದ ಮೇಲೆ ಚಿಕ್ಕ ಉಳಿಯಿಂದ ಚಿತ್ರ ಕೊರೆಯುತ್ತಿದ್ದ. ಒಬ್ಬನಿಗೆ ಒಂದು ಚಕ್ರ, ಇನ್ನೊಬ್ಬನಿಗೆ ಐದು, ಮತ್ತೊಬ್ಬನಿಗೆ ಬಿದಿರಿನ ಕಡ್ಡಿಗಳು. ಒಬ್ಬ ಅದೃಷ್ಟವಂತನಿಗಂತೂ ಬಾಲ ಬಿಟ್ಟ ಹಕ್ಕಿ. ನನ್ನ ಸರದಿ ಬಂದಾಗ ಮುದುಕ ಉಳಿಯನ್ನು ಕೆಳಗಿಟ್ಟ. ನನ್ನನ್ನೂ ಇನ್ನು ಮೂವರನ್ನೂ ಹಾಗೆಯೇ ಪೆಟ್ಟಿಗೆಯ ಮೂಲೆಗೆ ಸೇರಿಸಿದ. ಯಾವುದಾದರೂ ಕಾಯಿ ಕಳೆದುಹೋದರೆ ಬೇಕಾಗುತ್ತದಂತೆ. ಅಂತೂ ನಾನು ಹುಟ್ಟಿನಿಂದಲೇ ಹೆಚ್ಚುವರಿ.

ಬೋಳು ಮುಖವೇ ಅವಮಾನವೆಂದು ನಾನು ಹೇಳುವುದಿಲ್ಲ. ಆಟದಲ್ಲಿ 'ಬಿಳಿ' ಎಂಬ ಹೆಸರಿನ ನಾಲ್ಕು ಕಾಯಿಗಳಿವೆ, ಅವುಗಳ ಮುಖದ ಮೇಲೂ ಏನೂ ಇಲ್ಲ. ಆದರೆ ಅವುಗಳ ಬೋಳುತನಕ್ಕೆ ಮರ್ಯಾದೆಯಿದೆ, ಮೂರು ಬಿಳಿ ಸೇರಿದರೆ ಆಡುವವರ ಕೈಗೆ, ಅಂದರೆ ಅವರ ಪಾಲಿನ ಕಾಯಿಗಳಿಗೆ, ಬೆಲೆ ಏರುತ್ತದೆ. ನನ್ನದು ಬರಿಯ ಬೋಳು. ಊಟಕ್ಕಿಲ್ಲದ ಉಪ್ಪಿನಕಾಯಿ ಎನ್ನುತ್ತಾರಲ್ಲ, ಆ ಜಾತಿ.

ನಮ್ಮ ಪೆಟ್ಟಿಗೆಯನ್ನು ಮೊದಲು ಕೊಂಡವರು ಸೈನ್ಯದ ಒಬ್ಬ ಬ್ರಿಗೇಡಿಯರ್ ಸಾಹೇಬರ ಹೆಂಡತಿ, ಮಿಸೆಸ್ ಲಾಂಬಾ. ಆ ಕಾಲದಲ್ಲಿ ಅಧಿಕಾರಿಗಳ ಹೆಂಡತಿಯರು ಈ ಆಟ ಕಲಿಯುವುದು ಹೆಚ್ಚು ಕಡಿಮೆ ಹುಕುಂ ಇದ್ದ ಹಾಗೆ. ಗಂಡ ಮೈದಾನದಲ್ಲಿ ಕವಾಯತು ಮಾಡಿದರೆ ಹೆಂಡತಿ ಮೇಜಿನ ಮುಂದೆ ಮಾಡಬೇಕು. ಕೊಡಗಿನಿಂದ ಹೊಸದಾಗಿ ಮದುವೆಯಾಗಿ ಬಂದಿದ್ದ ಕ್ಯಾಪ್ಟನ್ ಪೂವಯ್ಯನವರ ಹೆಂಡತಿ ದೇಚಮ್ಮ ಆ ಮೇಜಿಗೆ ಬಂದದ್ದು ಹಾಗೆ. ಮೊದಲ ದಿನವೇ ಅವರ ಸೆರಗು ತಾಗಿ, ಒಂದೊಂದಾಗಿ ಎತ್ತಿಕೊಳ್ಳಲೆಂದು ಎರಡು ಅಂತಸ್ತಾಗಿ ಜೋಡಿಸಿದ್ದ ಕಾಯಿಗಳ ಗೋಡೆ ದಡದಡನೆ ಬಿತ್ತು. ಮಿಸೆಸ್ ಲಾಂಬಾ ಬಯ್ಯಲಿಲ್ಲ. ಇಡೀ ಚಳಿಗಾಲ ಅವರಿಂದ ಗೋಡೆ ಮಾತ್ರ ಕಟ್ಟಿಸಿದರು, ಆಡಲು ಬಿಡಲಿಲ್ಲ. ದೇಚಮ್ಮನಿಗೆ ಅವಮಾನ, ಕಣ್ಣಲ್ಲಿ ನೀರು. ಆದರೆ ಅಷ್ಟು ನೆಟ್ಟನೆಯ ಗೋಡೆಯನ್ನು ಮುಂದೆ ಯಾವ ಮೇಜಿನಲ್ಲೂ ನಾನು ಕಂಡಿಲ್ಲ.

ಮಿಸೆಸ್ ಲಾಂಬಾ ಊರು ಬಿಡುವಾಗ ಪೆಟ್ಟಿಗೆಯನ್ನು ದೇಚಮ್ಮನ ಕೈಗಿಟ್ಟು ಹೋದರು. ನಾವು ಲಾರಿ ಹತ್ತಿದೆವು, ರೈಲು ಹತ್ತಿದೆವು, ಊರೂರು ತಿರುಗಿದೆವು. ಒಂದು ಊರಿನಲ್ಲಿ ಪೂವಯ್ಯನವರ ನಾಯಿಮರಿಗೆ ಹಲ್ಲು ಬರುವ ಕಾಲ. ಅದು ನಮ್ಮ ನಾಲ್ಕು 'ಉತ್ತರ' ಕಾಯಿಗಳಲ್ಲಿ ಒಂದನ್ನು ಕಚ್ಚಿ ಸೀಳಿಬಿಟ್ಟಿತು. ಈ ಆಟದಲ್ಲಿ ನಾಲ್ಕು ದಿಕ್ಕುಗಳ ಹೆಸರಿನ ಕಾಯಿಗಳಿವೆ, ಒಂದೊಂದು ದಿಕ್ಕಿಗೆ ನಾಲ್ಕು ನಾಲ್ಕು. ಒಂದು ಕಡಿಮೆಯಾದರೂ ಆಟ ನಡೆಯುವುದಿಲ್ಲ. ಆಗ ನನ್ನ ನೆನಪಾಯಿತು. ಪಲ್ಟನ್ನಿನ ಬೋರ್ಡು ಬರೆಯುವವನು ಜೀಪಿನ ನಂಬರಿಗೆ ಹಚ್ಚುವ ಬಣ್ಣದಲ್ಲಿ ನನ್ನ ಮುಖದ ಮೇಲೆ ಚೀನೀ ಅಕ್ಷರದ ನಕಲು ಬರೆದ. ನಾನು ಉತ್ತರವಾದೆ. ನಾಯಿಗೆ ನಾನು ಈಗಲೂ ಕೃತಜ್ಞ.

ಆದರೆ ಬರೆದದ್ದು ಬೇರೆ, ಕೊರೆದದ್ದು ಬೇರೆ. ವರುಷಗಳು ಕಳೆದಂತೆ ಬಣ್ಣ ಸವೆದು ನನ್ನ ಮೈಯೊಂದಿಗೆ ಸಮವಾಯಿತು. ಕಣ್ಣಿಗೆ ಅಕ್ಷರ ಕಾಣುತ್ತಿತ್ತು. ಬೆರಳಿಗೆ ಮಾತ್ರ ನಾನು ಅದೇ ಬೋಳು ಕಾಯಿ. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ಎಲ್ಲರೂ ಕಣ್ಣಿನಿಂದಲೇ ಆಡುತ್ತಿದ್ದರು.

ಪೂವಯ್ಯನವರು ಕರ್ನಲ್ ಆಗಿ ನಿವೃತ್ತರಾಗಿ ಮೈಸೂರಿನ ಯಾದವಗಿರಿಯಲ್ಲಿ ಮನೆ ಮಾಡಿದರು. ಅವರು ತೀರಿಕೊಂಡ ಮೇಲೂ ದೇಚಮ್ಮನ ಊಟದ ಮೇಜಿನ ಮೇಲೆ ಪ್ರತಿ ಬುಧವಾರ ನಾಲ್ಕು ಜನರ ಆಟ ನಿಲ್ಲಲಿಲ್ಲ. ದೇಚಮ್ಮ ಒಬ್ಬರು. ಸೈನ್ಯದ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಂಗಳೂರಿನ ಫಿಲೊಮಿನಾ ಇನ್ನೊಬ್ಬರು. ಮೂರನೆಯವರು ಧಾರವಾಡ ಕಡೆಯ ಇಂದುಮತಿ ದೇಸಾಯಿ, ಮೇಜರ್ ಒಬ್ಬರ ಹೆಂಡತಿ. ಮಾತು ಖಾರ, ಸೋಲು ಅಂದರೆ ಆಗದು. ನಾಲ್ಕನೆಯವರಾದ ಸುಭದ್ರಾ ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಅವರ ಕುರ್ಚಿ ಖಾಲಿಯಾಯಿತು, ನಾವು ಪೆಟ್ಟಿಗೆಯಲ್ಲೇ ಉಳಿದೆವು. ಮೂವರೂ ಬುಧವಾರ ಬಂದು ಕಾಫಿ ಕುಡಿದು, ಮಂಡಿನೋವಿನ ಮಾತಾಡಿ ಹೋಗುತ್ತಿದ್ದರು.

ಅಂಥ ಒಂದು ಬುಧವಾರ ಪಕ್ಕದ ಮನೆಯ ಸರ್ವಮಂಗಳ ಒಂದು ಸ್ಟೀಲ್ ಡಬ್ಬಿ ಹಿಂದಿರುಗಿಸಲು ಬಂದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು, ಮದುವೆಯಾಗಿರಲಿಲ್ಲ, ತಮ್ಮ ಶಿವಾನಂದನ ಸಂಸಾರದ ಜೊತೆ ಇದ್ದರು. ದೇಚಮ್ಮ ಧೂಳು ಒರೆಸಲೆಂದು ನಮ್ಮನ್ನು ಮೇಜಿನ ಮೇಲೆ ಸುರಿದಿದ್ದರು.

"ಬನ್ನಿ ಸರ್ವಮಂಗಳ, ಐದು ನಿಮಿಷ ಕೂತ್ಕೊಳ್ಳಿ. ನಿಮ್ಗೆ ಈ ಆಟ ಬರುತ್ತಾ?" ಎಂದರು ದೇಚಮ್ಮ.

"ನಂಗೆ ಚೌಕಾಬಾರ ಬಿಟ್ರೆ ಏನೂ ಬರಲ್ಲ. ಅದೂ ನಮ್ಮಜ್ಜಿ ಕಲ್ಸಿದ್ದು, ಮೋಸ ಮಾಡೋದ್ರ ಸಮೇತ."

"ಮೋಸ ಬರ್ತದಂದ್ರ ಅರ್ಧಾ ಆಟ ಬಂದಂಗ ಆತ್ರಿ, ಕೂಡ್ರಿ," ಎಂದರು ಇಂದುಮತಿ.

ಸರ್ವಮಂಗಳ ಸುಮ್ಮನೆ ಒಂದು ಕಾಯಿ ಎತ್ತಿಕೊಂಡರು. ಅದು ನಾಲ್ಕು ಚಕ್ರದ ಕಾಯಿ. ಅವರ ಹೆಬ್ಬೆರಳು ಅದರ ಮುಖದ ಮೇಲೆ ನಿಧಾನವಾಗಿ ಹರಿದಾಡಿತು. ನಾನು ಅಲ್ಲೇ ಪಕ್ಕದಲ್ಲಿದ್ದೆ, ಕೆಳಗಿನಿಂದ ಅವರ ಮುಖ ನೋಡುತ್ತಿದ್ದೆ. ಅವರು ಕಾಯಿಯ ಕಡೆ ನೋಡುತ್ತಲೇ ಇರಲಿಲ್ಲ. "ಮೇಲೆರಡು, ಕೆಳಗೆರಡು. ನಾಲ್ಕು ಚಕ್ಲಿ ಇಟ್ಟ ಹಾಗಿದೆ," ಎಂದರು. ಆಮೇಲೆ ಐದು ನಿಮಿಷವಲ್ಲ, ಕತ್ತಲಾಗುವವರೆಗೂ ಕೂತರು.

ನನಗೆ ಆಮೇಲೆ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕಥೆ ಕಟ್ಟುವುದು ನನಗೆ ಬಾರದು. ಸರ್ವಮಂಗಳ ಅವರ ಕಣ್ಣಿನ ನಡುಭಾಗ ಮಸುಕಾಗಿತ್ತು. ಕಣ್ಣಿನ ಪರದೆ ಸವೆಯುತ್ತಿದೆ, ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಂಚಿನಲ್ಲಿ ಕಾಣುತ್ತಿತ್ತು, ಹಾಗಾಗಿ ಓಡಾಡಲು ತೊಂದರೆಯಿಲ್ಲ. ಆದರೆ ಎದುರಿಗೆ ಹಿಡಿದ ಅಕ್ಷರ ಕಾಣದು, ಎದುರಿಗಿರುವವರ ಮೂಗು ಕಣ್ಣು ಕಾಣದು. ಮನೆಯಲ್ಲಿ ಇದು ಗೊತ್ತಾದ ದಿನದಿಂದ ತಮ್ಮನ ಹೆಂಡತಿ ಅವರ ಕೈಯಿಂದ ಈಳಿಗೆ ಮಣೆ ತೆಗೆದುಕೊಂಡಿದ್ದಳು, ಒಲೆ ಹಚ್ಚಲು ಬಿಡುತ್ತಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ. ಯಾವ ಕೆಲಸಕ್ಕೆ ಕೈ ಹಾಕಿದರೂ "ಅಕ್ಕ, ನಿಮ್ಗ್ಯಾಕೆ, ಬಿಡಿ," ಎಂಬ ಮಾತು. ಪಕ್ಕದ ಮನೆಯ ಮೇಜಿನ ಮೇಲೆ ಬೆರಳಿನಿಂದ ಓದಬಹುದಾದ ಒಂದು ವಸ್ತು ಸಿಕ್ಕಿದಾಗ ಅವರು ಅದನ್ನು ಬಿಡಲಿಲ್ಲ. ಕಣ್ಣಿನ ವಿಷಯ ಹೇಳಲೂ ಇಲ್ಲ. ಹೇಳಿದರೆ ಇಲ್ಲೂ "ನಿಮ್ಗ್ಯಾಕೆ" ಶುರುವಾಗುತ್ತದೆ, ಇಲ್ಲವೇ ಬೇರೆ ನಾಲ್ಕನೆಯವರನ್ನು ಹುಡುಕುತ್ತಾರೆ ಎಂಬ ಭಯ.

ಕಲಿಯುವುದು ಸುಲಭವಾಗಿರಲಿಲ್ಲ. ಮೊದಲ ತೊಡಕು ನಮ್ಮ ಜಾತಿಯದು. "ಇವು ಯಾತರಿಂದ ಮಾಡಿದ್ದು?" ಎಂದು ಅವರು ಎರಡನೆಯ ವಾರ ಕೇಳಿದರು.

"ಮೂಳೆ," ಎಂದರು ದೇಚಮ್ಮ, ಕೊಡಗಿನವರಿಗೆ ಇದರಲ್ಲಿ ಮುಚ್ಚಿಡುವಂಥದ್ದೇನಿದೆ.

ಸರ್ವಮಂಗಳ ಕೈ ಹಿಂದಕ್ಕೆ ಎಳೆದುಕೊಂಡರು. ಅವರದು ಈರುಳ್ಳಿ ಕೂಡ ವಾರ ನೋಡಿ ಹಾಕುವ ಮನೆ. ಸ್ವಲ್ಪ ಹೊತ್ತು ಸೆರಗಿಗೆ ಬೆರಳು ಒರೆಸುತ್ತಾ ಕೂತಿದ್ದು, "ದೇವರ ಮನೇಲಿ ಶಂಖ ಇಲ್ವಾ, ಅದೇನು ಗಿಡದಲ್ಲಿ ಬಿಡುತ್ತಾ," ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು. ಮನೆಗೆ ಹೋಗಿ ಕೈ ತೊಳೆಯುತ್ತಿದ್ದರೇನೋ, ಗೊತ್ತಿಲ್ಲ. ಇಲ್ಲಿ ಮಾತ್ರ ಮತ್ತೆ ಆ ಮಾತು ಎತ್ತಲಿಲ್ಲ.

ಎರಡನೆಯ ತೊಡಕು ದಿಕ್ಕಿನದು. ಈ ಆಟದಲ್ಲಿ ಆಡುವ ನಾಲ್ವರೂ ಒಂದೊಂದು ದಿಕ್ಕು. ಸರದಿ ಬಲಗೈಯವರಿಗೆ ಹೋಗುತ್ತದೆ, ಅಂದರೆ ಪ್ರದಕ್ಷಿಣೆಗೆ ಉಲ್ಟಾ. ದೇವಸ್ಥಾನ ಸುತ್ತಿ ಸುತ್ತಿ ಅಭ್ಯಾಸವಾಗಿದ್ದ ಸರ್ವಮಂಗಳ ಪ್ರತಿ ಸಲವೂ ಬಲಗಡೆಯವರು ಆಡಲೆಂದು ಕಾಯುತ್ತಾ ಕೂತು ತಮ್ಮ ಸರದಿ ತಪ್ಪಿಸಿಕೊಳ್ಳುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಮೇಜಿನ ಪೂರ್ವ ನಿಜವಾದ ಪೂರ್ವಕ್ಕೆ ಇರಲಿಲ್ಲ.

"ಇದೇನ್ರೀ, ಸೂರ್ಯ ಆ ಕಿಟಕೀಲಿ ಹುಟ್ತಾನೆ, ನೀವು ಅಡುಗೆಮನೆ ಕಡೆ ಪೂರ್ವ ಅಂತೀರಿ! ದಕ್ಷಿಣ ಇರ್ಬೇಕಾದ ಕಡೆ ಉತ್ತರ ಕೂತಿದೆ. ವಾಸ್ತು ಗೊತ್ತಿರೋರು ಬಂದ್ರೆ ಓಡಿ ಹೋಗ್ತಾರೆ."

"ಇದು ಆಟದ ದಿಕ್ಕು, ಮನೆ ದಿಕ್ಕಲ್ಲ. ಮನೆ ದಿಕ್ಕನ್ನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ," ಎಂದರು ದೇಚಮ್ಮ.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಸರ್ವಮಂಗಳ ಮನೆಯಲ್ಲೂ ಅಭ್ಯಾಸ ಮಾಡುತ್ತೇನೆಂದು ಒಂದೊಂದು ಬಗೆಯ ಕಾಯಿಯಲ್ಲಿ ಒಂದೊಂದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಉತ್ತರದ ಪೈಕಿ ದೇಚಮ್ಮ ಕೊಟ್ಟದ್ದು ಕೊರೆದ ಉತ್ತರವನ್ನು, ನನ್ನನ್ನಲ್ಲ. ನನ್ನ ಬಗ್ಗೆ ಹೇಳಲೂ ಇಲ್ಲ, ಅಷ್ಟು ವರ್ಷಗಳಲ್ಲಿ ನಾನು ಬೇರೆ ಎಂಬುದನ್ನೇ ಅವರು ಮರೆತಿದ್ದರು. ಆ ಗಂಟಿನಲ್ಲಿ ಹೋಗಿ ಬಂದ ಹಕ್ಕಿ ಕಾಯಿ ನನಗೆ ಸುದ್ದಿ ಹೇಳುತ್ತಿತ್ತು: ಜಗಲಿಯಲ್ಲಿ ಕೂತು ಕಣ್ಣು ಮುಚ್ಚಿ ಒಂದೊಂದನ್ನೇ ಸವರುತ್ತಾರೆ, ಹೆಸರು ಹೇಳುತ್ತಾರೆ, ಆಮೇಲೆ ಪುಟ್ಟ ಮಗುವಿನ ಹಾಗೆ ತಮ್ಮಷ್ಟಕ್ಕೆ ನಗುತ್ತಾರೆ. ಬಿದಿರಿನ ಆರು ಮತ್ತು ಎಂಟನ್ನು ಬೇರೆ ಮಾಡುವುದೇ ಕಷ್ಟವಂತೆ. ನನಗೆ ಹೊಟ್ಟೆಕಿಚ್ಚಾಯಿತು. ಅವರ ಬೆರಳು ನನ್ನನ್ನು ಯಾವಾಗ ಕಲಿಯುತ್ತದೆ ಎಂದು ಕಾಯುತ್ತಿದ್ದೆ.

ದೇಚಮ್ಮನ ಮೇಜಿನ ಒಂದು ಕಟ್ಟುನಿಟ್ಟು ಅವರನ್ನು ಕಾಪಾಡಿತು. ಕಾಯಿ ಎಸೆಯುವಾಗ ಅದರ ಹೆಸರು ಕೂಗಿ ಹೇಳಲೇಬೇಕು. ಹಾಗಾಗಿ ಬೇರೆಯವರು ಎಸೆದದ್ದು ಅವರಿಗೆ ಕಿವಿಯಿಂದ ತಿಳಿಯುತ್ತಿತ್ತು. ತಾವು ಎತ್ತಿದ್ದನ್ನು ಹೆಬ್ಬೆರಳಿನಿಂದ ಓದಿ, ಎದುರಿಗೆ ಸಾಲಾಗಿ ನಿಲ್ಲಿಸಿ, ಯಾವುದು ಎಲ್ಲಿದೆ ಎಂದು ನೆನಪಿಟ್ಟುಕೊಳ್ಳುತ್ತಿದ್ದರು. ಇದಕ್ಕೆಲ್ಲ ಹೊತ್ತು ಹಿಡಿಯುತ್ತಿತ್ತು. ಇಂದುಮತಿಗೆ ತಾಳ್ಮೆ ಎಂಬುದು ಹುಟ್ಟಿನಿಂದಲೇ ಇಲ್ಲ.

"ಎಷ್ಟೊತ್ತ್ ಯೋಚನಿ ಮಾಡ್ತೀರ್ರಿ? ಕೈಯಾಗಿನ ಕಾಯಿ ಹಣ್ಣಾಗಿ ಉದುರ್ತಾವ."

"ಹಣ್ಣಾದ್ರೆ ನಿಮ್ಗೂ ಒಂದು ಹೋಳು ಕೊಡ್ತೀನಿ, ಸುಮ್ನಿರಿ."

ಹೀಗೆ ಬೈಸಿಕೊಂಡು, ಸೋತು, ಹುಣಸೆ ಬೀಜ ತೆತ್ತು ಮನೆಗೆ ಹೋಗುತ್ತಿದ್ದರು. ಹೌದು, ನಮ್ಮ ಮೇಜಿನಲ್ಲಿ ಪಣ ಹುಣಸೆ ಬೀಜ. ದೀಪಾವಳಿ ಕಳೆದ ಮೇಲೆ ಒಮ್ಮೆ ಚಿಕ್ಕ ಕೈಯೊಂದನ್ನು ಗೆದ್ದರು. ಇಂದುಮತಿ "ಕುರುಡು ಅದೃಷ್ಟ" ಎಂದರು. ಬಾಯಿಮಾತಿಗೆ ಅಂದದ್ದು, ಆದರೆ ಆ ಕ್ಷಣ ಸರ್ವಮಂಗಳ ಅವರ ಕೈ ಕಾಯಿಗಳ ಮೇಲೆ ನಿಂತುಹೋಯಿತು. ಯಾರೂ ಮುಂದೆ ಏನೂ ಹೇಳದಿದ್ದಾಗ ಅವರು ನಕ್ಕು ಬೀಜ ಎಣಿಸಿಕೊಂಡರು.

ಕೊನೆಗೆ ಒಂದು ಬುಧವಾರ ನಾನು ಅವರ ಕೈಗೆ ಹೋದೆ. ಆ ಹೆಬ್ಬೆರಳು ನನ್ನ ಮೇಲೆ ಬಂತು. ಮೇಲೆ ಸವರಿತು, ಕೆಳಗೆ ಸವರಿತು, ಏನೂ ಸಿಗಲಿಲ್ಲ. "ಬಿಳಿ," ಎಂದು ನನ್ನನ್ನು ನಡುಮೇಜಿಗೆ ಹಾಕಿದರು.

"ಎಂತ ಬಿಳಿ ಮಾರಾಯ್ರೆ, ಇದು ಉತ್ತರ ಅಲ್ವಾ?" ಎಂದರು ಫಿಲೊಮಿನಾ.

"ಅಯ್ಯೋ, ಉತ್ತರಾನೇ. ನಾಲಿಗೆ ತಪ್ತು."

ಅವರು ತಮ್ಮ ಬೆರಳೇ ತಪ್ಪಿತೆಂದು ತಿಳಿದರು. ನನಗೆ ಬಾಯಿದ್ದರೆ ಕೂಗಿ ಹೇಳುತ್ತಿದ್ದೆ. ಫಿಲೊಮಿನಾ ಮಾತ್ರ ಸ್ವಲ್ಪ ಹೊತ್ತು ಅವರನ್ನೇ ನೋಡಿದರು. ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಲ್ಲವೇ. ಅಂದಿನಿಂದ ಅವರು ಸರ್ವಮಂಗಳ ಅವರ ಮುಂದೆ ಕಾಫಿ ಲೋಟ ಇಡುವಾಗ ಮೇಜಿಗೆ ಟಣ್ ಎಂದು ತಾಗಿಸಿ ಇಡತೊಡಗಿದರು. ಬಾಯಿ ಮಾತ್ರ ಬಿಡಲಿಲ್ಲ.

ಸಂಕ್ರಾಂತಿ ಮುಗಿದ ವಾರ ಆ ಅನಾಹುತ ನಡೆಯಿತು. ಸರ್ವಮಂಗಳ ಅವರಿಗೆ ಅಂದು ಎಂದೂ ಬಾರದಂಥ ಕೈ ಬಂದಿತ್ತು. ಚಕ್ಲಿಯ ಗುಂಪು, ಅವರು ಹಾಗೇ ಕರೆಯುತ್ತಿದ್ದರು, ಮೂರು ಮುಗಿದಿದ್ದವು. ಒಂದು ಜೋಡಿಯೂ ಇತ್ತು. ಕೈಯಲ್ಲಿ ಎರಡು ಬಿಳಿ. ಇನ್ನೊಂದು ಬಿಳಿ ಬಂದರೆ ಗೆಲುವು, ಅದೂ ಸಣ್ಣ ಗೆಲುವಲ್ಲ. ಗೋಡೆಯಿಂದ ಅವರ ಕೈಗೆ ಬಂದವನು ನಾನು. ಹೆಬ್ಬೆರಳು ನನ್ನ ಮೇಲೆ ಹರಿಯಿತು. ಇನ್ನೊಮ್ಮೆ ಹರಿಯಿತು. ನಾನು ನಯವಾಗಿದ್ದೆ, ಪೂರ್ತಿ ನಯ.

"ಮಾಜಾಂಗ್!" ಎಂದು ಸರ್ವಮಂಗಳ ಎಲ್ಲ ಕಾಯಿಗಳನ್ನೂ ಮುಖ ಮೇಲಾಗಿ ಮಲಗಿಸಿದರು. ಅವರ ಧ್ವನಿ ಅಷ್ಟು ದೊಡ್ಡದಾಗಬಹುದೆಂದು ಯಾರಿಗೂ ಗೊತ್ತಿರಲಿಲ್ಲ.

ಇಂದುಮತಿ ಬಗ್ಗಿ ನೋಡಿದರು. "ಏನ್ರೀ ಇದು? ಎರಡು ಬಿಳಿ ಅವ, ಇದೊಂದು ಉತ್ತರ ಅದ. ಕಣ್ಣು ಎಲ್ಲಿ ಇಟ್ಟೀರಿ? ಹೋದ ಸಲಾನೂ ಹಿಂಗ ಮಾಡಿದ್ರಿ. ಅಜ್ಜಿ ಕಲಿಸಿದ ವಿದ್ಯಾ ಇಲ್ಲಿ ತೋರಸ್ತೀರೇನು?"

ಸುಳ್ಳು ಮಾಜಾಂಗ್ ಕೂಗಿದರೆ ಮೂವರಿಗೂ ದಂಡ ತೆರಬೇಕು. ಅದು ಆಟದ ನಿಯಮ, ತಮಾಷೆಯ ವಿಷಯ. ಆದರೆ ಮೋಸ ಎಂಬ ಮಾತು ತಮಾಷೆಯಾಗಿರಲಿಲ್ಲ. ಸರ್ವಮಂಗಳ ನನ್ನನ್ನು ಮತ್ತೆ ಕೈಗೆತ್ತಿಕೊಂಡು ಸವರಿದರು. ಮುಖದ ಹತ್ತಿರ ಹಿಡಿದು, ಓರೆಗಣ್ಣು ಮಾಡಿ, ಅಂಚಿನಿಂದ ನೋಡಲು ಪ್ರಯತ್ನಿಸಿದರು. ಮೂವರೂ ಅದನ್ನು ನೋಡಿದರು.

"ನಂಗೆ ಕಾಣ್ಸಲ್ಲ," ಎಂದರು ಸರ್ವಮಂಗಳ. "ಮೋಸ ಅಲ್ಲ ಇಂದುಮತಿ. ಕಣ್ಣು ಹೋಗಿದೆ. ಬೆರಳಲ್ಲಿ ನೋಡಿ ಆಡ್ತಿದ್ದೆ."

"ಯಾವಾಗಿಂದ?" ಎಂದರು ದೇಚಮ್ಮ.

"ಇಲ್ಲಿ ಕೂತ ಮೊದಲ್ನೇ ದಿನದಿಂದ."

ಮನೆಯ ವಿಷಯ, ಡಾಕ್ಟರ ಮಾತು, ಈಳಿಗೆ ಮಣೆ, ಎಲ್ಲ ಆಗ ಹೊರಗೆ ಬಂತು. ಇಂದುಮತಿಯ ಮುಖ ನೋಡುವ ಹಾಗಿರಲಿಲ್ಲ. ದೇಚಮ್ಮ ದಂಡ ಬೇಡವೆಂದರು. ಅಂದು ಆಟ ಅಲ್ಲಿಗೆ ನಿಂತಿತು.

ಮುಂದಿನ ಬುಧವಾರದಿಂದ ಮೇಜಿನ ಮಾತು ಬದಲಾಯಿತು. ಎಲ್ಲರೂ ಮೆತ್ತಗಾದರು. ಇಂದುಮತಿಯಂತೂ ಗಂಟಲಿಗೆ ಜೇನು ಹಚ್ಚಿಕೊಂಡು ಬಂದವರ ಹಾಗೆ "ನಿಧಾನ ಆಡ್ರಿ, ಅವಸರ ಇಲ್ರಿ," ಎನ್ನತೊಡಗಿದರು. ಸರ್ವಮಂಗಳ ಅವರಿಗೆ ಯಾವ ಕಾಯಿ ಬೇಕೋ ಅದೇ ಕಾಯಿ ಇಂದುಮತಿಯ ಕೈಯಿಂದ ಬೀಳತೊಡಗಿತು. ನಾನು ಇಂದುಮತಿಯ ಸಾಲಿನಲ್ಲಿ ನಿಂತಿದ್ದೆ, ಅವರು ತಮ್ಮ ಒಳ್ಳೆಯ ಗುಂಪು ಮುರಿದು ಎಸೆಯುವುದನ್ನು ಕಣ್ಣಾರೆ ಕಂಡೆ. ಸರ್ವಮಂಗಳ ಮೇಲಿಂದ ಮೇಲೆ ಗೆದ್ದರು. ಅವರ ಬಟ್ಟಲಿನಲ್ಲಿ ಹುಣಸೆ ಬೀಜ ತುಂಬಿ ಚೆಲ್ಲಿತು. ಮೂರನೆಯ ಗೆಲುವಿನಲ್ಲಿ ಅವರು ಕಾಯಿಗಳನ್ನು ಮಲಗಿಸಲಿಲ್ಲ.

"ಇಂದುಮತಿ, ನೀವು ಇಷ್ಟು ದಡ್ಡರಲ್ಲ," ಎಂದರು.

"ಹಂಗ್ಯಾಕ ಅಂತೀರಿ? ನಿಮ್ಮ ದೈವ ಚಲೋ ಅದ."

"ನೀವು ನನ್ನ ಬೈದು ಎಷ್ಟು ದಿನ ಆಯ್ತು ಗೊತ್ತಾ? ಮನೇಲಿ ನನ್ನ ಯಾರೂ ಬೈಯಲ್ಲ. ಪಾಪ ಅಂತಾರೆ. ಇಲ್ಲಿ ಒಬ್ರು ಬೈತಿದ್ರಿ, ಸೋಲಿಸ್ತಿದ್ರಿ, ಅದಕ್ಕೇ ಬರ್ತಿದ್ದೆ. ನಂಗೆ ಗೊತ್ತಾಗೋ ಹಾಗೆ ನೀವು ಬೇಕಂತ ಸೋಲೋದಕ್ಕಿಂತ, ನೀವೇ ಮೂರು ಜನ ಆಡ್ಕೊಳ್ಳಿ." ಎದ್ದು, ಕುರ್ಚಿಯ ಬೆನ್ನು ಹಿಡಿದು, ಬಾಗಿಲ ಕಡೆ ನಡೆದರು. ಫಿಲೊಮಿನಾ ಕೈ ಹಿಡಿಯಲು ಎದ್ದವರು ಹಾಗೆಯೇ ಕೂತುಬಿಟ್ಟರು.

ಮುಂದಿನ ಬುಧವಾರ ಅವರು ಬರಲಿಲ್ಲ. ಕುರ್ಚಿ ಮತ್ತೆ ಖಾಲಿ. ಮೂವರೂ ಕಾಫಿ ಕುಡಿದರು. ಇಂದುಮತಿ ಪೆಟ್ಟಿಗೆ ತೆಗೆದು ನನ್ನನ್ನು ಹುಡುಕಿದರು. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಉಜ್ಜಿದರು. ಆಮೇಲೆ ಒಂದು ಬಿಳಿ ಕಾಯಿ ತೆಗೆದು ಅದನ್ನೂ ಉಜ್ಜಿದರು. "ಎರಡೂ ಒಂದ ಅವ," ಎಂದರು. "ಆಕೀದೇನೂ ತಪ್ಪಿಲ್ಲ. ನಮ್ಮ ಪೆಟ್ಟಿಗೀನ ಸುಳ್ಳು ಹೇಳೇದ. ಮೋಸಗಾರ್ತಿ ಅಂದೆ ನಾನು." ನನ್ನನ್ನು ಪರ್ಸಿಗೆ ಹಾಕಿಕೊಂಡರು. ಅದರೊಳಗೆ ಏಲಕ್ಕಿ ವಾಸನೆ, ಕತ್ತಲೆ. ನಾಯಿಯ ಪ್ರಸಂಗದ ಮೇಲೆ ನಾನು ಅಷ್ಟು ಹೆದರಿದ್ದು ಅಂದೇ.

ಅವರು ನನ್ನನ್ನು ಒಯ್ದದ್ದು ಮಾರುಕಟ್ಟೆಯ ಒಂದು ಪಾತ್ರೆ ಅಂಗಡಿಗೆ. ಅಂಗಡಿಯ ಮೆಟ್ಟಿಲ ಮೇಲೆ, ಮದುವೆಗೆ ಕೊಡುವ ಲೋಟ ತಟ್ಟೆಗಳ ಮೇಲೆ ಹೆಸರು ಕೊರೆಯುವವನು ಚಿಕ್ಕ ಮಿಷನ್ ಹಿಡಿದು ಕೂತಿದ್ದ. ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನಮ್ಮ, ಹಲ್ಲಾ?" ಎಂದ.

"ಹಲ್ಲಲ್ಲೋ ಮಾರಾಯ, ಆಟದ ಕಾಯಿ. ಇದರ ಮ್ಯಾಲೆ ಉ ಅಂತ ಕೊರಿ."

"ಬರೀ ಉ ಸಾಕಾ? ವಧು ವರರ ಹೆಸ್ರು, ತಾರೀಕು ಏನೂ ಬೇಡ್ವಾ?"

"ಉತ್ತರಕ್ಕ ಉ. ಆಳಕ್ಕ ಕೊರಿ. ಕಣ್ಣಿಗೆ ಚಂದ ಕಾಣೂದು ಬ್ಯಾಡ, ಬಟ್ಟಿಗೆ ಹತ್ತಬೇಕು," ಎಂದು ಇಂದುಮತಿ ಬೆರಳು ಆಡಿಸಿ ತೋರಿಸಿದರು.

ಮಿಷನ್ನಿನ ಸೂಜಿ ಗುರ್ರೆಂದು ನನ್ನ ಮುಖದೊಳಗೆ ಇಳಿಯಿತು. ನೋವಿನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಕಲ್ಕತ್ತೆಯ ಉಳಿ ಬರೆಯದೇ ಬಿಟ್ಟದ್ದನ್ನು ಮೈಸೂರಿನ ಪಾತ್ರೆ ಅಂಗಡಿಯವನು ಬರೆದ, ಅದೂ ಚೀನೀಯಲ್ಲಿ ಅಲ್ಲ, ಕನ್ನಡದಲ್ಲಿ. ಅಕ್ಷರ ಸ್ವಲ್ಪ ವಾರೆಯಾಗಿದೆ. ನನ್ನ ಅಣ್ಣತಮ್ಮಂದಿರು ಈಗಲೂ ನೋಡಿ ನಗುತ್ತಾರೆ, ನಗಲಿ. ನನಗೆ ಅಂದು ಆದ ಸಂತೋಷ ಅವರಿಗೆ ಹುಟ್ಟಿದ ದಿನವೂ ಆಗಿರಲಾರದು.

ಅಲ್ಲಿಂದ ಇಂದುಮತಿ ನೇರವಾಗಿ ಸರ್ವಮಂಗಳ ಅವರ ಮನೆಯ ಗೇಟಿಗೆ ಹೋದರು. ತಮ್ಮನ ಹೆಂಡತಿ ಬಾಗಿಲು ತೆಗೆದು "ಅಕ್ಕ ಮಲಗಿದಾರೆ" ಎನ್ನುವಷ್ಟರಲ್ಲಿ ಅವರೇ ಹೊರಗೆ ಬಂದರು. ಇಂದುಮತಿ ನಮಸ್ಕಾರ ಹೇಳಲಿಲ್ಲ, ಕ್ಷಮಿಸಿ ಎನ್ನಲೂ ಇಲ್ಲ. ಅವರ ಅಂಗೈ ಬಿಡಿಸಿ ನನ್ನನ್ನು ಇಟ್ಟರು.

"ಏನದ, ಹೇಳ್ರಿ."

ಹೆಬ್ಬೆರಳು ನನ್ನ ಮೇಲೆ ಬಂತು. ಮೇಲಿನ ತಿರುವಿನಲ್ಲಿ ಇಳಿಯಿತು, ಸುತ್ತಿ ಕೆಳಗೆ ಬಂತು, ಕೊನೆಯ ಕೊಂಬಿನ ತುದಿಯಲ್ಲಿ ನಿಂತಿತು. ಮತ್ತೊಮ್ಮೆ ಮೊದಲಿನಿಂದ ಹೋಯಿತು.

"ಉ," ಎಂದರು ಸರ್ವಮಂಗಳ.

"ಉತ್ತರ. ಇನ್ನ ನಿಮ್ಮ ಬಟ್ಟಿಗೆ ಯಾವ ನೆಪಾನೂ ಇಲ್ಲ. ಬುಧವಾರ ಬರ್ರಿ. ಹೋದ ಸಲ ಗೆದ್ದ ಬೀಜ ಅಷ್ಟೂ ವಾಪಸ್ ಬೇಕು ನನಗ."

ಈಗ ನನಗೂ ವಯಸ್ಸಾಗಿದೆ. ಬಿದಿರಿನ ಬೆನ್ನು ಕಪ್ಪಾಗಿದೆ, ಮೂಳೆ ಹಳದಿ ತಿರುಗಿದೆ. ದೇಚಮ್ಮನ ಶೋಕೇಸಿನ ಕೆಳಗಿನ ಅರೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿ ಒಂದು ಬುಧವಾರದಿಂದ ಇನ್ನೊಂದು ಬುಧವಾರ ಕಾಯುತ್ತೇನೆ. ಎಷ್ಟೋ ಕೈಗಳನ್ನು ಕಂಡಿದ್ದೇನೆ, ಒಳ್ಳೆಯವು, ಬಿಗಿ ಹಿಡಿಯುವವು, ನಡುಗುವವು. ಕೈಗೆ ಬಂದ ಕಾಯಿಯನ್ನು ಇಟ್ಟುಕೊಳ್ಳುವುದೇ ಪ್ರೀತಿ ಎಂದು ಬಹಳ ಕಾಲ ತಿಳಿದಿದ್ದೆ. ಹಾಗಲ್ಲವೆಂದು ಇಂದುಮತಿ ಕರೆದ ಆ ಬುಧವಾರ ಗೊತ್ತಾಯಿತು.

ಅಂದು ಮಧ್ಯಾಹ್ನ ನಾಲ್ವರೂ ಕೂತರು. ಇಂದುಮತಿ ಬೈಯುತ್ತಾರೋ ಇಲ್ಲವೋ ಎಂದು ಸರ್ವಮಂಗಳ ಕಿವಿಗೊಟ್ಟು ಕಾಯುತ್ತಿದ್ದುದು ಎಲ್ಲರಿಗೂ ತಿಳಿಯುತ್ತಿತ್ತು. ಆಟ ಅರ್ಧಕ್ಕೆ ಬಂದಾಗ ಗೋಡೆಯಿಂದ ನಾನು ಅವರ ಕೈಗೆ ಹೋದೆ. ಹೆಬ್ಬೆರಳು ನನ್ನ ಉ ಮೇಲೆ ಒಮ್ಮೆ ಮಾತ್ರ ಹರಿಯಿತು. ಒಮ್ಮೆ ಸಾಕಾಯಿತು. ನಾನು ಅವರಿಗೆ ಬೇಕಾಗಿರಲಿಲ್ಲ. "ಉತ್ತರ," ಎಂದು ಸ್ಪಷ್ಟವಾಗಿ ಹೇಳಿ ನನ್ನನ್ನು ನಡುಮೇಜಿಗೆ ಎಸೆದರು. ನನ್ನ ಬಾಳಿನಲ್ಲಿ ಅಷ್ಟು ಸರಿಯಾಗಿ ನನ್ನನ್ನು ಯಾರೂ ಎಸೆದಿರಲಿಲ್ಲ.

ಮೇಜಿನ ನಡುವೆ ಮಲಗಿ ನಾನು ಇಂದುಮತಿಯನ್ನು ನೋಡಿದೆ. ಬೆನ್ನು ಕಂಡರೂ ಸಾಕು, ಅಣ್ಣತಮ್ಮಂದಿರ ಗುರುತು ನನಗೆ ಸಿಗುತ್ತದೆ: ಅವರ ಸಾಲಿನಲ್ಲಿ ಕೊರೆದ ಉತ್ತರಗಳು ಎರಡು ನಿಂತಿದ್ದವು. ಮಿಕ್ಕದ್ದೆಲ್ಲ ಮುಗಿದಿತ್ತು. ನಾನೊಬ್ಬ ಸಿಕ್ಕಿದರೆ ಗೆಲುವು. ಅವರು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫಿಲೊಮಿನಾ ಪಕ್ಕದಿಂದ ಆ ಸಾಲು ಕಂಡು ಬೇಡ ಎಂಬಂತೆ ತಲೆಯಾಡಿಸಿದರು. ಇಂದುಮತಿಯ ಕೈ ತಮ್ಮ ಕಾಯಿಗಳ ಮೇಲೆ ಒಂದು ಕ್ಷಣ ನಿಂತಿತು.

"ಮಾಜಾಂಗ್!" ಎಂದು ಅವರು ನನ್ನನ್ನು ಸೆಳೆದುಕೊಂಡು ಎಲ್ಲವನ್ನೂ ಪಟಪಟನೆ ಮಲಗಿಸಿದರು. "ನಡುಆಟದಾಗ ಉತ್ತರ ಒಗೀತಾರೇನ್ರಿ ಯಾರರೆ? ತಲಿಯಾಗ ಏನದ ನಿಮಗ?"

ಸರ್ವಮಂಗಳ ಅವರ ಮುಖ ನಿಧಾನವಾಗಿ ಅರಳಿತು. ಕಣ್ಣು ಒರೆಸಿಕೊಂಡರು, ಜೋರಾಗಿ ನಕ್ಕರು, ಹುಣಸೆ ಬೀಜದ ಬಟ್ಟಲನ್ನು ಎರಡೂ ಕೈಯಿಂದ ಇಂದುಮತಿಯ ಕಡೆ ತಳ್ಳಿದರು.

"ತಗೊಳ್ಳಿ. ಸರಿಯಾಗಿ ಎಣಿಸ್ಕೊಳ್ಳಿ, ಒಂದೂ ಕಮ್ಮಿ ತಗೋಬೇಡಿ," ಎಂದರು.